ಎಲ್ಲ ‘ರೇಡಿಯೇಷನ್’ ಒಂದೇ ಅಲ್ಲ: ಅಯಾನೀಕರಿಸುವ ವಿಕಿರಣ ನಮ್ಮ ಡಿಎನ್‌ಎಗೆ ಹೇಗೆ ಪೆಟ್ಟು ಕೊಡುತ್ತದೆ?

“ಇಂದು ರಾತ್ರಿ 12.30ರಿಂದ 3.30ರವರೆಗೆ ಮಂಗಳ ಗ್ರಹದಿಂದ ಕಾಸ್ಮಿಕ್ ಕಿರಣಗಳು ಭೂಮಿಗೆ ಬರುತ್ತವೆ. ಮೊಬೈಲ್ ಆಫ್ ಮಾಡಿ, ದೂರ ಇಡಿ. ನಾಸಾ ಹೇಳಿದೆ, ಬಿಬಿಸಿ ಹೇಳಿದೆ. ನಿಮ್ಮವರಿಗೆಲ್ಲ ಕಳಿಸಿ.” ಈ ಸಂದೇಶ ಒಂದಲ್ಲ ಒಂದು ರೂಪದಲ್ಲಿ ನಿಮ್ಮ ಫೋನಿಗೂ ಬಂದಿರಬಹುದು. ಎಷ್ಟೋ ವರ್ಷಗಳಿಂದ ಇದು ಗುಂಪಿನಿಂದ ಗುಂಪಿಗೆ ಸುತ್ತುತ್ತಲೇ ಇದೆ. ಪ್ರತಿ ಸಲವೂ ಅದರಲ್ಲಿ “ಇಂದು ರಾತ್ರಿ” ಎಂದೇ ಇರುತ್ತದೆ.

ಇದನ್ನು ನಂಬಿ ಒಂದು ರಾತ್ರಿ ಫೋನ್ ಆಫ್ ಮಾಡಿದರೆ ನಷ್ಟವೇನೂ ಇಲ್ಲ, ನಿದ್ದೆಯಾದರೂ ಚೆನ್ನಾಗಿ ಬರುತ್ತದೆ. ಆದರೆ ಇಂಥ ಸಂದೇಶಗಳು ‘ರೇಡಿಯೇಷನ್’ ಎಂಬ ಒಂದೇ ಪದದೊಳಗೆ ಮೊಬೈಲ್ ಟವರ್, ಎಕ್ಸ್-ರೇ, ಕ್ಯಾನ್ಸರ್ ಚಿಕಿತ್ಸೆ, ಅಣು ವಿದ್ಯುತ್ ಸ್ಥಾವರ ಎಲ್ಲವನ್ನೂ ತುಂಬಿಬಿಡುತ್ತವೆ. ಆ ಭಯ ಆಸ್ಪತ್ರೆಯವರೆಗೂ ಬಂದಾಗ ನಷ್ಟ ದೊಡ್ಡದು. ಕೆಮ್ಮು ವಾರಗಟ್ಟಲೆ ನಿಲ್ಲದಿದ್ದರೂ ಎದೆಯ ಎಕ್ಸ್-ರೇ ಬೇಡ ಎನ್ನುವವರಿದ್ದಾರೆ. ‘ಕರೆಂಟ್’ ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟು ಬರುವವರೂ ಇದ್ದಾರೆ.

ಹಾಗೆಂದು ವಿಕಿರಣದಿಂದ ಅಪಾಯವೇ ಇಲ್ಲ ಎನ್ನುವುದೂ ಸುಳ್ಳು. ಕೆಲವು ಬಗೆಯ ವಿಕಿರಣ ನಿಜವಾಗಿಯೂ ನಮ್ಮ ಡಿಎನ್‌ಎಯನ್ನು ಕತ್ತರಿಸುತ್ತದೆ. ಹಾಗಾದರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ? ಅದನ್ನು ತಿಳಿಯಲು ಎರಡು ಪ್ರಶ್ನೆ ಸಾಕು: ಯಾವ ಕಿರಣ? ಎಷ್ಟು ಪ್ರಮಾಣ?

ಮೊದಲ ಪ್ರಶ್ನೆ: ಯಾವ ಕಿರಣ?

ಮಾವಿನ ಗಿಡಕ್ಕೆ ಹತ್ತಿಯ ಉಂಡೆಗಳನ್ನು ದಿನವಿಡೀ ಎಸೆದರೂ ಒಂದು ಕಾಯಿ ಬೀಳುವುದಿಲ್ಲ. ಗುರಿಯಿಟ್ಟ ಒಂದೇ ಒಂದು ಕಲ್ಲು ಸಾಕು. ವಿಕಿರಣದ ಲೆಕ್ಕವೂ ಹೀಗೆಯೇ. ಒಟ್ಟು ಎಷ್ಟು ಕಿರಣ ಬಂತು ಎನ್ನುವುದಕ್ಕಿಂತ ಮೊದಲು, ಒಂದೊಂದು ಕಿರಣದ ಕಣದಲ್ಲಿ ಎಷ್ಟು ಶಕ್ತಿ ಇದೆ ಎನ್ನುವುದನ್ನು ನೋಡಬೇಕು.

ನಮ್ಮ ದೇಹದ ಅಣುಗಳಲ್ಲಿ ಇಲೆಕ್ಟ್ರಾನ್‌ಗಳಿರುತ್ತವೆ. ಅಣುವಿನಿಂದ ಒಂದು ಇಲೆಕ್ಟ್ರಾನನ್ನು ಕಿತ್ತು ಹೊರಹಾಕಲು ಸುಮಾರು 10 ಇಲೆಕ್ಟ್ರಾನ್‌ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ಶಕ್ತಿ ಬೇಕು. ಇಷ್ಟು ಶಕ್ತಿ ಇರುವ ಕಿರಣಗಳಿಗೆ ಅಯಾನೀಕರಿಸುವ ವಿಕಿರಣ ಎಂದು ಹೆಸರು. ಎಕ್ಸ್-ಕಿರಣ, ಗಾಮಾ ಕಿರಣ, ವಿಕಿರಣಶೀಲ ವಸ್ತುಗಳಿಂದ ಹೊರಡುವ ಆಲ್ಫಾ ಮತ್ತು ಬೀಟಾ ಕಣಗಳು, ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣ ಇವೆಲ್ಲ ಈ ಗುಂಪಿಗೆ ಸೇರುತ್ತವೆ.

ಮೊಬೈಲ್ ಫೋನ್, ಟವರ್, ವೈಫೈ ಬಳಸುವುದು ರೇಡಿಯೋ ಅಲೆಗಳನ್ನು. ಅವುಗಳ ಒಂದು ಕಣದ ಶಕ್ತಿ ಒಂದು ಇಲೆಕ್ಟ್ರಾನ್‌ವೋಲ್ಟಿನ ಲಕ್ಷದ ಒಂದು ಭಾಗದ ಆಸುಪಾಸು. ಅಂದರೆ ಇಲೆಕ್ಟ್ರಾನನ್ನು ಕೀಳಲು ಬೇಕಾದುದಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಕಡಿಮೆ. ಇವು ಹತ್ತಿ ಉಂಡೆಗಳು. ಪ್ರಮಾಣ ತುಂಬಾ ಹೆಚ್ಚಾದರೆ ಸ್ವಲ್ಪ ಬಿಸಿ ಮಾಡಬಲ್ಲವೇ ಹೊರತು ಡಿಎನ್‌ಎಯ ಎಳೆ ಕಡಿಯಲಾರವು.

ನಡುವೆ ಇರುವುದು ಬಿಸಿಲಿನ ನೇರಳಾತೀತ ಕಿರಣ. ಅದು ಇಲೆಕ್ಟ್ರಾನನ್ನು ಕೀಳುವುದಿಲ್ಲ, ಆದರೂ ಚರ್ಮದ ಕೋಶಗಳ ಡಿಎನ್‌ಎಯಲ್ಲಿ ಪಕ್ಕಪಕ್ಕದ ಅಕ್ಷರಗಳನ್ನು ಅಂಟಿಸಿ ತಪ್ಪು ಮಾಡಿಸಬಲ್ಲದು.

ಕೋಶದ ಒಳಗೆ ಏನಾಗುತ್ತದೆ?

ಡಿಎನ್‌ಎಯನ್ನು ಎರಡು ಎಳೆ ಹೊಸೆದ ಹಗ್ಗ ಎಂದುಕೊಳ್ಳಿ. ದಪ್ಪ ಕೇವಲ 2 ನ್ಯಾನೋಮೀಟರ್, ಉದ್ದ ಮಾತ್ರ ಒಂದೊಂದು ಕೋಶದಲ್ಲೂ ಸುಮಾರು 2 ಮೀಟರ್. ಎರಡು ಎಳೆಗಳ ನಡುವೆ ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳು ಜೋಡಿಯಾಗಿ ಕೂತಿರುತ್ತವೆ. ಎ ಎದುರು ಟಿ, ಜಿ ಎದುರು ಸಿ. ಕೋಶ ಯಾವಾಗ ಬೆಳೆಯಬೇಕು, ಯಾವಾಗ ನಿಲ್ಲಬೇಕು, ಏನು ತಯಾರಿಸಬೇಕು ಎಂಬುದೆಲ್ಲ ಈ ಅಕ್ಷರಗಳ ಸಾಲಿನಲ್ಲೇ ಇದೆ.

ಅಯಾನೀಕರಿಸುವ ಕಿರಣ ಈ ಹಗ್ಗಕ್ಕೆ ಎರಡು ದಾರಿಯಲ್ಲಿ ಪೆಟ್ಟು ಕೊಡುತ್ತದೆ.

ಮೊದಲನೆಯದು ನೇರ ಪೆಟ್ಟು. ಕಿರಣ ಅಥವಾ ಅದು ಕಿತ್ತುಹಾಕಿದ ಇಲೆಕ್ಟ್ರಾನ್ ನೇರವಾಗಿ ಡಿಎನ್‌ಎಗೇ ತಾಗಿ ಅದರ ರಾಸಾಯನಿಕ ಕೊಂಡಿಯನ್ನು ಮುರಿಯುತ್ತದೆ.

ಎರಡನೆಯದು ನೀರಿನ ಮೂಲಕ. ಕೋಶದಲ್ಲಿ ಹೆಚ್ಚಿನ ಪಾಲು ಇರುವುದೇ ನೀರು. ಕಿರಣ ನೀರಿನ ಅಣುವನ್ನು ಒಡೆದಾಗ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಬಲು ಚುರುಕಿನ ತುಣುಕು ಹುಟ್ಟುತ್ತದೆ. ಅದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತಿನಲ್ಲಿ ಹತ್ತಿರ ಸಿಕ್ಕಿದ ಅಣುವಿಗೆ ಅಂಟಿಕೊಂಡು ಅದನ್ನು ಹಾಳುಮಾಡುತ್ತದೆ. ಎಕ್ಸ್-ಕಿರಣ ಮತ್ತು ಗಾಮಾ ಕಿರಣಗಳಿಂದ ಡಿಎನ್‌ಎಗೆ ಆಗುವ ಹಾನಿಯಲ್ಲಿ ಸುಮಾರು ಮೂರನೇ ಎರಡು ಪಾಲು ಈ ದಾರಿಯಿಂದಲೇ ಬರುತ್ತದೆ.

ದೇಹ ಹೀರಿಕೊಂಡ ವಿಕಿರಣವನ್ನು ಗ್ರೇ ಎಂಬ ಮಾನದಲ್ಲಿ ಅಳೆಯುತ್ತಾರೆ. ಆ ವಿಕಿರಣ ದೇಹಕ್ಕೆ ಎಷ್ಟು ಹಾನಿಕರ ಎಂಬುದನ್ನೂ ಲೆಕ್ಕಕ್ಕೆ ಹಿಡಿದರೆ ಅದು ಸೀವರ್ಟ್. ಇಡೀ ದೇಹಕ್ಕೆ ಎಕ್ಸ್-ಕಿರಣ ಅಥವಾ ಗಾಮಾ ಕಿರಣ ಬಿದ್ದಾಗ ಎರಡೂ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಒಂದು ಕೋಶಕ್ಕೆ 1 ಗ್ರೇ ಬಿದ್ದರೆ ಡಿಎನ್‌ಎಯ ಒಂಟಿ ಎಳೆ ಸುಮಾರು 1000 ಕಡೆ ತುಂಡಾಗುತ್ತದೆ, ಎರಡೂ ಎಳೆ ಒಟ್ಟಿಗೆ ಸುಮಾರು 40 ಕಡೆ ತುಂಡಾಗುತ್ತದೆ. ಅಕ್ಷರಗಳಿಗೆ ಆಗುವ ಪೆಟ್ಟು ಸಾವಿರಾರು.

ಆದರೆ 1 ಗ್ರೇ ತುಂಬಾ ದೊಡ್ಡ ಪ್ರಮಾಣ. ಅದರ ಸಾವಿರದ ಒಂದು ಭಾಗವಾದ 1 ಮಿಲಿಗ್ರೇ ಬಿದ್ದರೆ, ಇದೇ ಲೆಕ್ಕದಲ್ಲಿ, ಸುಮಾರು 25 ಕೋಶಗಳಲ್ಲಿ ಒಂದರಲ್ಲಿ ಮಾತ್ರ ಎರಡೂ ಎಳೆ ತುಂಡಾಗುತ್ತದೆ. ಎದೆಯ ಎಕ್ಸ್-ರೇಯಲ್ಲಿ ಬರುವುದು ಅದಕ್ಕಿಂತಲೂ ಕಡಿಮೆ.

ದೇಹ ಸುಮ್ಮನೆ ಕೂರುವುದಿಲ್ಲ

ವಿಕಿರಣ ಇಲ್ಲದೆಯೂ ನಮ್ಮ ಡಿಎನ್‌ಎಗೆ ದಿನವೂ ಪೆಟ್ಟು ಬೀಳುತ್ತದೆ. ಉಸಿರಾಟ, ಊಟ ಅರಗುವುದು, ದೇಹದ ಶಾಖ ಇವುಗಳಿಂದಲೇ ಪ್ರತಿ ಕೋಶದಲ್ಲಿ ದಿನಕ್ಕೆ ಹತ್ತಾರು ಸಾವಿರ ಸಣ್ಣ ಹಾನಿಗಳಾಗುತ್ತವೆ. ಹಾಗಾಗಿ ಕೋಶಗಳು ರಿಪೇರಿ ಕೆಲಸದಲ್ಲಿ ಪಳಗಿವೆ.

ಒಂದೇ ಎಳೆ ತುಂಡಾದರೆ ರಿಪೇರಿ ಸುಲಭ. ಎದುರಿನ ಎಳೆ ನೋಡಿಕೊಂಡು, ಎ ಇದ್ದಲ್ಲಿ ಟಿ, ಜಿ ಇದ್ದಲ್ಲಿ ಸಿ ಎಂದು ಕಿಣ್ವಗಳು ಸರಿಯಾಗಿ ತುಂಬುತ್ತವೆ. ತೊಂದರೆ ಇರುವುದು ಎರಡೂ ಎಳೆ ಒಂದೇ ಜಾಗದಲ್ಲಿ ಕಡಿದಾಗ. ಆಗ ನೋಡಿ ಬರೆಯಲು ಎದುರಿನ ಎಳೆಯೂ ಇರುವುದಿಲ್ಲ. ಕೋಶದ ಬಳಿ ಅದೇ ಡಿಎನ್‌ಎಯ ಇನ್ನೊಂದು ಪ್ರತಿ ಸಿದ್ಧವಿದ್ದರೆ ಅದನ್ನು ನೋಡಿ ಸರಿಪಡಿಸುತ್ತದೆ. ಇಲ್ಲವಾದರೆ ಎರಡು ತುದಿಗಳನ್ನು ಹಿಡಿದು ಗಂಟು ಹಾಕುತ್ತದೆ. ಗಂಟು ಹಾಕುವಾಗ ಕೆಲವು ಅಕ್ಷರ ಬಿಟ್ಟುಹೋಗಬಹುದು. ಹತ್ತಿರದಲ್ಲಿ ಇನ್ನೊಂದು ಹಗ್ಗವೂ ಕಡಿದಿದ್ದರೆ ಇದರ ತುದಿಯನ್ನು ಅದರ ತುದಿಗೆ ಕಟ್ಟಿಬಿಡಬಹುದು.

ರಿಪೇರಿ ಆಗದಷ್ಟು ಹಾನಿ ಕಂಡರೆ ಪಿ53 ಎಂಬ ಪ್ರೋಟೀನ್ ಕೋಶದ ಬೆಳವಣಿಗೆಯನ್ನು ನಿಲ್ಲಿಸುತ್ತದೆ, ಅಥವಾ ಕೋಶ ತಾನೇ ಸಾಯುವಂತೆ ಮಾಡುತ್ತದೆ. ಆ ಒಂದು ಕೋಶ ಸತ್ತರೆ ದೇಹಕ್ಕೆ ಒಳ್ಳೆಯದೇ. ಕೆಟ್ಟದ್ದು ಯಾವಾಗ ಎಂದರೆ, ತಪ್ಪು ಗಂಟು ಹಾಕಿಕೊಂಡ ಕೋಶ ಸಾಯದೆ ಉಳಿದು, ಆ ತಪ್ಪು ಬೆಳವಣಿಗೆಯನ್ನು ಹಿಡಿತದಲ್ಲಿಡುವ ಜೀನ್‌ನಲ್ಲೇ ಇದ್ದು, ಮುಂದೆ ಇನ್ನಷ್ಟು ತಪ್ಪುಗಳು ಸೇರಿಕೊಂಡಾಗ. ಆಗ ಕ್ಯಾನ್ಸರ್ ಶುರುವಾಗಬಹುದು.

ಇದಕ್ಕೆ ವರ್ಷಗಳು ಬೇಕು. 1945ರಲ್ಲಿ ಹಿರೋಷಿಮಾ, ನಾಗಸಾಕಿ ಬಾಂಬಿನಿಂದ ಬದುಕುಳಿದವರನ್ನು ದಶಕಗಳ ಕಾಲ ಗಮನಿಸಲಾಗಿದೆ. ಅವರಲ್ಲಿ ರಕ್ತದ ಕ್ಯಾನ್ಸರ್ ಸುಮಾರು ಎರಡು ವರ್ಷಗಳ ನಂತರ ಏರತೊಡಗಿ, ಆರರಿಂದ ಎಂಟು ವರ್ಷಗಳ ಹೊತ್ತಿಗೆ ಶಿಖರ ಮುಟ್ಟಿತು. ಗಡ್ಡೆಯಾಗಿ ಬರುವ ಕ್ಯಾನ್ಸರ್‌ಗಳ ಏರಿಕೆ ಕಂಡದ್ದು ಹತ್ತು ವರ್ಷ ಕಳೆದ ಮೇಲೆ. ಹೆಚ್ಚು ವಿಕಿರಣ ಬಿದ್ದವರಲ್ಲಿ ಹೆಚ್ಚು, ಕಡಿಮೆ ಬಿದ್ದವರಲ್ಲಿ ಕಡಿಮೆ. ಆಮೇಲೆ ಅವರಿಗೆ ಹುಟ್ಟಿದ ಮಕ್ಕಳಲ್ಲಿ ಆನುವಂಶಿಕ ಕಾಯಿಲೆಗಳು ಹೆಚ್ಚಿದ್ದು ಇದುವರೆಗಿನ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. “ವಿಕಿರಣ ತಾಗಿದರೆ ಏಳು ತಲೆಮಾರು ಅಂಗವಿಕಲರಾಗುತ್ತಾರೆ” ಎಂಬ ಮಾತಿಗೆ ಆಧಾರವಿಲ್ಲ.

ನಮ್ಮ ರಾಜ್ಯದ್ದೇ ಉದಾಹರಣೆ: ಕೈಗಾ, 2009

ಘೋಡಗೇರಿಯಿಂದ ನೇರ ಗೆರೆ ಎಳೆದರೆ ದಕ್ಷಿಣಕ್ಕೆ ಸುಮಾರು 150 ಕಿ.ಮೀ. ದೂರದಲ್ಲಿ, ಉತ್ತರ ಕನ್ನಡ ಜಿಲ್ಲೆಯ ಕಾಡಿನ ನಡುವೆ ಕೈಗಾ ಅಣು ವಿದ್ಯುತ್ ಸ್ಥಾವರ ಇದೆ. ಅಲ್ಲಿ 2009ರ ನವೆಂಬರ್‌ನಲ್ಲಿ ನಡೆದ ಘಟನೆ ನಮ್ಮ ಎರಡೂ ಪ್ರಶ್ನೆಗಳನ್ನು ಚೆನ್ನಾಗಿ ವಿವರಿಸುತ್ತದೆ.

ಸ್ಥಾವರದ ಕೆಲಸಗಾರರ ಮೂತ್ರವನ್ನು ನಿಯಮದಂತೆ ಪರೀಕ್ಷಿಸುವಾಗ 50ಕ್ಕೂ ಹೆಚ್ಚು ಜನರಲ್ಲಿ ಟ್ರಿಟಿಯಂ ಅಂಶ ಹೆಚ್ಚಿರುವುದು ಗೊತ್ತಾಯಿತು. ಹುಡುಕುತ್ತಾ ಹೋದಾಗ ಅದು ಸ್ಥಾವರದ ಒಳಗಿನ ಒಂದು ಕುಡಿಯುವ ನೀರಿನ ಕೂಲರ್‌ನಿಂದ ಬಂದಿತ್ತು. ಯಾರೋ ಒಳಗಿನವರೇ ಬೇಕೆಂದು ಟ್ರಿಟಿಯಂ ಇರುವ ಭಾರಜಲವನ್ನು ಅದಕ್ಕೆ ಬೆರೆಸಿದ್ದಾರೆ ಎಂದು ಅಧಿಕಾರಿಗಳು ಶಂಕಿಸಿದರು.

ಯಾವ ಕಿರಣ? ಟ್ರಿಟಿಯಂ ಎಂದರೆ ವಿಕಿರಣಶೀಲ ಹೈಡ್ರೋಜನ್. ಅದು ಹೊರಸೂಸುವ ಬೀಟಾ ಕಣ ತುಂಬಾ ದುರ್ಬಲ. ಅಂಗಾಂಶದೊಳಗೆ ಹೆಚ್ಚೆಂದರೆ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ ದೂರ ಹೋಗುತ್ತದೆ. ಹೊರಗಿದ್ದರೆ ನಮ್ಮ ಚರ್ಮದ ಸತ್ತ ಪದರವನ್ನೂ ದಾಟಲಾರದು. ಆದರೆ ನೀರಿನ ರೂಪದಲ್ಲಿ ಕುಡಿದರೆ ದೇಹದ ನೀರಿನೊಂದಿಗೆ ಬೆರೆತು ಪ್ರತಿ ಕೋಶದ ಒಳಗೂ ತಲುಪುತ್ತದೆ. ಡಿಎನ್‌ಎಯ ಪಕ್ಕದಲ್ಲೇ ಕೂತು ಕಿರಣ ಸೂಸಿದರೆ ಆ ಸಣ್ಣ ದೂರವೇ ಸಾಕು.

ಎಷ್ಟು ಪ್ರಮಾಣ? ನಮ್ಮ ದೇಶದಲ್ಲಿ ವಿಕಿರಣದ ನಡುವೆ ಕೆಲಸ ಮಾಡುವವರಿಗೆ ಅಣುಶಕ್ತಿ ನಿಯಂತ್ರಣ ಮಂಡಳಿ ಮಿತಿ ಹಾಕಿದೆ. ಐದು ವರ್ಷಗಳ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ ಮೀರಬಾರದು, ಯಾವ ಒಂದು ವರ್ಷದಲ್ಲೂ 30 ಮೀರಬಾರದು. ಆ ಕೆಲಸಗಾರರಲ್ಲಿ ಬಹುತೇಕರ ಪ್ರಮಾಣ ಈ ಮಿತಿಯೊಳಗೇ ಇತ್ತು.

ಚಿಕಿತ್ಸೆಯೂ ಸರಳ ತತ್ವದ್ದು. ಟ್ರಿಟಿಯಂನ ಅರ್ಧಾಯುಷ್ಯ 12 ವರ್ಷಕ್ಕೂ ಹೆಚ್ಚು. ಆದರೆ ನೀರು ಕುಡಿದಂತೆ, ಬೆವರಿದಂತೆ, ಮೂತ್ರ ಮಾಡಿದಂತೆ ದೇಹದ ನೀರು ಬದಲಾಗುತ್ತಿರುತ್ತದಲ್ಲ, ಹಾಗಾಗಿ ಸುಮಾರು 10 ದಿನಕ್ಕೆ ಅದರ ಅರ್ಧ ಭಾಗ ಹೊರಹೋಗುತ್ತದೆ. ಹೆಚ್ಚು ನೀರು, ಮೂತ್ರ ಹೆಚ್ಚಿಸುವ ಔಷಧಿ ಕೊಟ್ಟರೆ ಇನ್ನೂ ಬೇಗ.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಕಣ್ಣಿಗೆ ಕಾಣದ, ವಾಸನೆ ಇಲ್ಲದ ಈ ಅಪಾಯ ಸಿಕ್ಕಿಬಿದ್ದದ್ದು ಅಳತೆಯಿಂದ. ವಿಕಿರಣದ ವಿಷಯದಲ್ಲಿ ಊಹೆಗಿಂತ ಅಳತೆ ಮುಖ್ಯ.

ಎರಡನೇ ಪ್ರಶ್ನೆ: ಎಷ್ಟು ಪ್ರಮಾಣ?

ಕಾಸ್ಮಿಕ್ ಕಿರಣ ಒಂದು ರಾತ್ರಿ ಬಂದು ಹೋಗುವುದಲ್ಲ, ಪ್ರತಿ ಕ್ಷಣ ಬರುತ್ತಲೇ ಇದೆ. ಮೊಬೈಲ್ ಆಫ್ ಮಾಡಿದರೂ ಬರುತ್ತದೆ. ಕಲ್ಲು, ಮಣ್ಣು, ಗಾಳಿಯಲ್ಲಿರುವ ರೇಡಾನ್, ತಿನ್ನುವ ಆಹಾರ ಎಲ್ಲದರಿಂದಲೂ ಸ್ವಲ್ಪ ಸ್ವಲ್ಪ ವಿಕಿರಣ ಬರುತ್ತದೆ. ಕೆಳಗಿನ ಸಂಖ್ಯೆಗಳನ್ನು ಹೋಲಿಸಿ ನೋಡಿ:

- ಎದೆಯ ಒಂದು ಎಕ್ಸ್-ರೇ: 0.02ರಿಂದ 0.1 ಮಿಲಿಸೀವರ್ಟ್
- ಕಾಸ್ಮಿಕ್ ಕಿರಣದಿಂದ ವರ್ಷಕ್ಕೆ: ಸುಮಾರು 0.4 ಮಿಲಿಸೀವರ್ಟ್
- ಪ್ರಕೃತಿಯಿಂದ ಒಟ್ಟು, ಜಗತ್ತಿನ ಸರಾಸರಿ, ವರ್ಷಕ್ಕೆ: 2.4 ಮಿಲಿಸೀವರ್ಟ್
- ಹೊಟ್ಟೆಯ ಒಂದು ಸಿಟಿ ಸ್ಕ್ಯಾನ್: ಸುಮಾರು 8ರಿಂದ 10 ಮಿಲಿಸೀವರ್ಟ್

ಎದೆಯ ಎಕ್ಸ್-ರೇ ಎಂದರೆ ಹೆಚ್ಚೆಂದರೆ ಎರಡು ವಾರ ಸುಮ್ಮನೆ ಮನೆಯಲ್ಲಿದ್ದಾಗ ಬರುವಷ್ಟು ವಿಕಿರಣ. ಕ್ಷಯ ಅಥವಾ ನ್ಯುಮೋನಿಯಾ ಪತ್ತೆಯಾಗದೆ ಉಳಿಯುವ ಅಪಾಯದ ಮುಂದೆ ಅದು ಏನೂ ಅಲ್ಲ.

ಸಿಟಿ ಸ್ಕ್ಯಾನ್ ಮಾತು ಬೇರೆ. ಅದು ಮೂರು-ನಾಲ್ಕು ವರ್ಷದ ಸಹಜ ವಿಕಿರಣಕ್ಕೆ ಸಮ. ಅಪಘಾತದಲ್ಲಿ ತಲೆಗೆ ಪೆಟ್ಟಾದಾಗ, ಪಾರ್ಶ್ವವಾಯು ಹೊಡೆದಾಗ ಅದು ಜೀವ ಉಳಿಸುತ್ತದೆ. ಆಗ ಬೇಡ ಎನ್ನಬಾರದು. ಆದರೆ “ಯಾವುದಕ್ಕೂ ಇರಲಿ, ಇಡೀ ದೇಹದ ಸ್ಕ್ಯಾನ್ ಮಾಡಿಸೋಣ” ಎನ್ನುವುದು ಸರಿಯಲ್ಲ. ತಜ್ಞರ ಅಂದಾಜಿನಂತೆ 2000 ಜನ ತಲಾ 10 ಮಿಲಿಸೀವರ್ಟ್ ಪಡೆದರೆ, ಮುಂದೆ ಅವರಲ್ಲಿ ಒಬ್ಬರು ಆ ಕಾರಣದ ಕ್ಯಾನ್ಸರ್‌ನಿಂದ ಸಾಯಬಹುದು. ಅದೇ 2000 ಜನರಲ್ಲಿ ಯಾವ ಸ್ಕ್ಯಾನ್ ಇಲ್ಲದೆಯೂ 220 ಜನರಿಗೆ ಬದುಕಿನಲ್ಲಿ ಎಂದಾದರೂ ಕ್ಯಾನ್ಸರ್ ಬರುವ ಸಾಧ್ಯತೆ ಇದೆ. ನಮ್ಮ ದೇಶದ ಅಂದಾಜು ಒಂಬತ್ತರಲ್ಲಿ ಒಬ್ಬರು. ಅಪಾಯ ಚಿಕ್ಕದು, ಆದರೆ ಸೊನ್ನೆಯಲ್ಲ. ಮಕ್ಕಳ ಕೋಶಗಳು ಬೇಗ ಬೇಗ ಒಡೆದು ಬೆಳೆಯುವುದರಿಂದ ಅವರಿಗೆ ಸ್ವಲ್ಪ ಹೆಚ್ಚು.

ನಮ್ಮಲ್ಲಿ ಎಲ್ಲವನ್ನೂ ‘ಸ್ಕ್ಯಾನಿಂಗ್’ ಎನ್ನುವುದರಿಂದಲೂ ಗೊಂದಲ. ಗರ್ಭಿಣಿಯರಿಗೆ ಮಾಡುವ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಬಳಸುವುದು ಶಬ್ದದ ಅಲೆ. ಎಂಆರ್‌ಐ ಬಳಸುವುದು ಆಯಸ್ಕಾಂತ ಮತ್ತು ರೇಡಿಯೋ ಅಲೆ. ಈ ಎರಡರಲ್ಲೂ ಅಯಾನೀಕರಿಸುವ ವಿಕಿರಣ ಇಲ್ಲ. ಎಕ್ಸ್-ರೇ ಮತ್ತು ಸಿಟಿಯಲ್ಲಿ ಇದೆ.

‘ಕರೆಂಟ್’ ಕೊಡುವುದು ಎಂದರೇನು?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರು ಕ್ಯಾನ್ಸರ್ ಚಿಕಿತ್ಸೆಗೆ ಬೆಳಗಾವಿ, ಮಿರಜ ಅಥವಾ ಹುಬ್ಬಳ್ಳಿಗೆ ಹೋಗುತ್ತಾರೆ. ಅಲ್ಲಿ ವೈದ್ಯರು ರೇಡಿಯೇಷನ್ ಎಂದರೆ ಊರಿನಲ್ಲಿ ಅದಕ್ಕೆ ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ಹೆಸರು ಕೇಳಿಯೇ ಅರ್ಧ ಜೀವ ಹೋಗುತ್ತದೆ. ನಿಜದಲ್ಲಿ ಇದರಲ್ಲಿ ವಿದ್ಯುತ್ ಶಾಕ್ ಇಲ್ಲ. ಕಿರಣ ಬೀಳುವಾಗ ನೋವೂ ಇರುವುದಿಲ್ಲ. ಇಲ್ಲಿ ನಡೆಯುವುದು ಮೇಲೆ ಹೇಳಿದ ಕೆಲಸವೇ, ಡಿಎನ್‌ಎಯ ಎರಡೂ ಎಳೆ ಕಡಿಯುವುದು. ಗುರಿ ಮಾತ್ರ ಕ್ಯಾನ್ಸರ್ ಕೋಶ.

ಸಾಮಾನ್ಯವಾಗಿ ದಿನಕ್ಕೆ ಸುಮಾರು 2 ಗ್ರೇಯಂತೆ, ವಾರಕ್ಕೆ ಐದು ದಿನ, ಹಲವು ವಾರ ಕೊಡುತ್ತಾರೆ. ಒಂದೇ ದಿನ ಏಕೆ ಮುಗಿಸುವುದಿಲ್ಲ? ಎರಡು ದಿನಗಳ ನಡುವಿನ ಹೊತ್ತಿನಲ್ಲಿ ಆರೋಗ್ಯವಂತ ಕೋಶಗಳು ರಿಪೇರಿ ಮಾಡಿಕೊಳ್ಳಲಿ ಎಂದು. ಕ್ಯಾನ್ಸರ್ ಕೋಶಗಳ ರಿಪೇರಿ ವ್ಯವಸ್ಥೆ ಬಹಳ ಸಲ ಕೆಟ್ಟಿರುತ್ತದೆ, ಅವು ಸೋಲುತ್ತಾ ಹೋಗುತ್ತವೆ. ಕಬ್ಬಿನ ಕಟಾವು ಬಂತು, ಜಾತ್ರೆ ಬಂತು ಎಂದು ನಡುವೆ ಹತ್ತು ದಿನ ತಪ್ಪಿಸಿದರೆ ಉಳಿದ ಕ್ಯಾನ್ಸರ್ ಕೋಶಗಳಿಗೆ ಮತ್ತೆ ಬೆಳೆಯಲು ಬಿಡುವು ಸಿಗುತ್ತದೆ.

ಇದರ ಫಲ ಅಳೆದು ನೋಡಿದ್ದೇ. ಸ್ತನದ ಗಡ್ಡೆಯನ್ನಷ್ಟೇ ತೆಗೆದ ಸಾವಿರಾರು ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಿಕಿರಣ ಚಿಕಿತ್ಸೆ ಪಡೆಯದವರಲ್ಲಿ 100ಕ್ಕೆ 35 ಜನರಿಗೆ ಹತ್ತು ವರ್ಷದೊಳಗೆ ಕ್ಯಾನ್ಸರ್ ಮರಳಿತ್ತು. ಪಡೆದವರಲ್ಲಿ 19 ಜನರಿಗೆ. ಅಡ್ಡ ಪರಿಣಾಮಗಳಿವೆ: ಚರ್ಮ ಕಪ್ಪಾಗುವುದು, ಸುಸ್ತು, ಬಾಯಿಗೆ ಕೊಟ್ಟರೆ ಹುಣ್ಣು. ಅವನ್ನು ವೈದ್ಯರಿಗೆ ಹೇಳಿ ಔಷಧಿ ಪಡೆಯಬೇಕೇ ಹೊರತು ಚಿಕಿತ್ಸೆ ಬಿಡಬಾರದು.

ಓಡಾಡುವ ಮಾತುಗಳು, ನಿಜ ಸಂಗತಿ

*“ಕರೆಂಟ್ ತೆಗೆದುಕೊಂಡವರ ಹತ್ತಿರ ಮಕ್ಕಳನ್ನು ಬಿಡಬಾರದು.”* ಹೊರಗಿನ ಯಂತ್ರದಿಂದ ಕಿರಣ ಕೊಟ್ಟಿದ್ದರೆ ಇದು ಸುಳ್ಳು. ಟಾರ್ಚ್ ಆರಿಸಿದ ಮೇಲೆ ಬೆಳಕು ಮೈಯಲ್ಲಿ ಉಳಿಯುವುದಿಲ್ಲ, ಇದೂ ಹಾಗೆಯೇ. ಅಜ್ಜಿ ಅದೇ ದಿನ ಮೊಮ್ಮಗುವನ್ನು ಎತ್ತಿಕೊಳ್ಳಬಹುದು. ಆದರೆ ಥೈರಾಯ್ಡ್‌ಗೆ ವಿಕಿರಣಶೀಲ ಅಯೋಡಿನ್ ನುಂಗಿಸಿದ್ದರೆ, ವೈದ್ಯರು ಹೇಳಿದಷ್ಟು ದಿನ ಮಕ್ಕಳು ಮತ್ತು ಗರ್ಭಿಣಿಯರಿಂದ ದೂರ ಇರಬೇಕು.

*“ಮೊಬೈಲ್ ಟವರ್‌ನಿಂದ ಕ್ಯಾನ್ಸರ್ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.”* ಅದರ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ರೇಡಿಯೋ ಅಲೆಗಳನ್ನು ‘ಸಾಧ್ಯತೆ ಇರಬಹುದು, ಪುರಾವೆ ಸಾಲದು’ ಎನ್ನುವಂಥ ‘2ಬಿ’ ಗುಂಪಿಗೆ ಸೇರಿಸಿತು. ಏಷ್ಯಾದ ಸಾಂಪ್ರದಾಯಿಕ ಉಪ್ಪಿನಕಾಯಿ ತರಕಾರಿಯೂ ಅದೇ ಗುಂಪಿನಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ, 2024ರಲ್ಲಿ ಪ್ರಕಟವಾದ ದೊಡ್ಡ ಪರಿಶೀಲನೆಯಲ್ಲಿ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರ್‌ಗೂ ನಂಟು ಕಾಣಲಿಲ್ಲ. ಟವರ್‌ಗಳಿಗೆ ನಮ್ಮ ದೇಶದ ಮಿತಿ 2012ರಿಂದ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ.

*“ಕುತ್ತಿಗೆಗೆ ಬೀಟಾಡಿನ್ ಹಚ್ಚಿದರೆ ವಿಕಿರಣ ತಾಗುವುದಿಲ್ಲ.”* 2011ರ ಮಾರ್ಚ್‌ನಲ್ಲಿ ಜಪಾನಿನ ಫುಕುಶಿಮಾ ಅಪಘಾತವಾದಾಗ ಬಿಬಿಸಿ ಹೆಸರಿನಲ್ಲಿ ಇಂಥ ನಕಲಿ ಎಸ್‌ಎಂಎಸ್ ಏಷ್ಯಾದ ಹಲವು ದೇಶಗಳಲ್ಲಿ ಓಡಾಡಿತು. ಅದು ಕೆಲಸ ಮಾಡುವುದಿಲ್ಲ.

*“ಗರ್ಭಿಣಿಗೆ ಎಕ್ಸ್-ರೇ ಆಗಿದೆ, ಗರ್ಭ ತೆಗೆಸಬೇಕು.”* ಎದೆಯ ಎಕ್ಸ್-ರೇಯಲ್ಲಿ ಮಗುವಿಗೆ ತಲುಪುವುದು 0.01 ಮಿಲಿಗ್ರೇಗಿಂತ ಕಡಿಮೆ. ಮಗುವಿನ ಬೆಳವಣಿಗೆಗೆ ತೊಂದರೆಯಾಗುವ ಚಿಂತೆ ಇರುವುದು ಸುಮಾರು 100 ಮಿಲಿಗ್ರೇ ಮತ್ತು ಅದಕ್ಕಿಂತ ಮೇಲೆ. ಹೆದರಿ ನಿರ್ಧಾರ ಮಾಡಬೇಡಿ, ವೈದ್ಯರಲ್ಲಿ ಲೆಕ್ಕ ಕೇಳಿ. ಎಕ್ಸ್-ರೇಗೆ ಮೊದಲೇ ಗರ್ಭಿಣಿ ಎಂದು, ಅಥವಾ ಮುಟ್ಟು ತಪ್ಪಿದೆ ಎಂದು ತಿಳಿಸುವುದು ಮಾತ್ರ ಕಡ್ಡಾಯ.

ನಿಜವಾಗಿ ಹೆದರಬೇಕಾದದ್ದು

2010ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ಹಳೆಯ ಪ್ರಯೋಗಾಲಯದ ಒಂದು ಉಪಕರಣ ಬಂತು. ಅದರೊಳಗೆ ಕೋಬಾಲ್ಟ್-60 ಇತ್ತು. ಅದನ್ನು ಒಡೆದು ಬಿಡಿಸಿದವರು ಕಾಯಿಲೆ ಬಿದ್ದರು, ಒಬ್ಬರು ತೀರಿಕೊಂಡರು. ಹಳದಿ ಬಣ್ಣದ ಮೇಲೆ ಮೂರು ರೆಕ್ಕೆಯ ಫ್ಯಾನಿನಂಥ ಗುರುತಿರುವ, ಭಾರವಾದ ಸೀಸದ ಡಬ್ಬಿ ಗುಜರಿಯಲ್ಲಿ ಕಂಡರೆ ಒಡೆಯಬೇಡಿ, ಮುಟ್ಟಬೇಡಿ. ದೂರ ಸರಿದು 112ಕ್ಕೆ ಕರೆ ಮಾಡಿ.

ಇನ್ನು ದಿನನಿತ್ಯ ನಮ್ಮ ಡಿಎನ್‌ಎಗೆ ಪೆಟ್ಟು ಕೊಡುವುದು ಟವರ್ ಅಲ್ಲ, ತಂಬಾಕು. ಬೀಡಿ, ಸಿಗರೇಟು, ಗುಟ್ಕಾದಲ್ಲಿರುವ ರಾಸಾಯನಿಕಗಳು ಕೂಡ ಡಿಎನ್‌ಎಯ ಅಕ್ಷರಗಳನ್ನೇ ಕೆಡಿಸುತ್ತವೆ. ಬಾಯಲ್ಲಿ ಗುಟ್ಕಾ ಇಟ್ಟುಕೊಂಡು ಟವರ್ ವಿರುದ್ಧದ ಸಂದೇಶ ಫಾರ್ವರ್ಡ್ ಮಾಡಿದರೆ ಪ್ರಯೋಜನವಿಲ್ಲ.

ಮುಂದಿನ ಸಲ ‘ರೇಡಿಯೇಷನ್’ ಎಂಬ ಪದವಿರುವ ಸಂದೇಶ ಬಂದರೆ ಎರಡು ವಿಷಯ ಹುಡುಕಿ: ಯಾವ ಕಿರಣ ಎಂದು ಹೇಳಿದೆಯೇ? ಎಷ್ಟು ಪ್ರಮಾಣ ಎಂಬ ಸಂಖ್ಯೆ ಇದೆಯೇ? ಎರಡೂ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ. ವೈದ್ಯರು ಸ್ಕ್ಯಾನ್ ಬರೆದಾಗಲೂ ಕೇಳಿ: “ಇದರಿಂದ ಚಿಕಿತ್ಸೆ ಬದಲಾಗುತ್ತದೆಯೇ? ಅಲ್ಟ್ರಾಸೌಂಡ್‌ನಲ್ಲಿ ಆಗುತ್ತದೆಯೇ? ಹಿಂದೆ ಮಾಡಿಸಿದ್ದು ಸಾಲದೇ?” ಹಳೆಯ ಫಿಲ್ಮ್, ಸಿಡಿ, ವರದಿಗಳನ್ನು ಜೋಪಾನವಾಗಿಟ್ಟುಕೊಂಡು ಜೊತೆಗೆ ಒಯ್ಯಿರಿ. ಬೇಡದ ಒಂದು ಸ್ಕ್ಯಾನ್ ತಪ್ಪುತ್ತದೆ, ಖರ್ಚೂ ಉಳಿಯುತ್ತದೆ.